ಶಿಶುವೃದ್ಧಿಯ ಅನುಸರಣ ಸಂಶೋಧನೆ: ಮೈಸೂರಿನ ಜನನದಾಖಲೆಗಳ ದೃಷ್ಟಾಂತ

೧. ವಿಷಯನಿರ್ದೇಶ

ಮಗುವಿನ ಬೆಳವಣಿಗೆಯನ್ನು ಅವಸ್ಥೆಗಳಾಗಿ ವಿಂಗಡಿಸಿ ನೋಡುವ ಪದ್ಧತಿಯು ಭಾರತೀಯ ಶಾಸ್ತ್ರಗಳಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯು ಹದಿನಾರು ವರ್ಷಗಳೊಳಗಿನವರನ್ನು ಬಾಲರೆಂದು ಕರೆದು, ಅವರನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರು ಬಗೆಯಾಗಿ ವಿಭಾಗಿಸುತ್ತದೆ. ಒಂದು ವರ್ಷದವರೆಗೆ ಹಾಲನ್ನೇ ಕುಡಿದು ಬೆಳೆಯುವ ಶಿಶು ಮೊದಲನೆಯದು. ಎರಡು ವರ್ಷದವರೆಗೆ ಹಾಲನ್ನೂ ಅನ್ನವನ್ನೂ ಸೇವಿಸುವುದು ಎರಡನೆಯದು. ಅಲ್ಲಿಂದ ಮುಂದೆ ಅನ್ನದಿಂದ ಬೆಳೆಯುವುದು ಮೂರನೆಯದು. ಭಾಗವತದ ವ್ಯಾಖ್ಯಾನಕಾರರು ಕೌಮಾರ, ಪೌಗಂಡ, ಕೈಶೋರಗಳನ್ನು ಐದೈದು ವರ್ಷಗಳ ಲೆಕ್ಕದಿಂದ ಹೇಳುವರು. ಈ ವಿಭಾಗಗಳೆಲ್ಲವೂ ಆಯಾ ಅವಸ್ಥೆಯ ಲಕ್ಷಣವನ್ನು ತಿಳಿಸತಕ್ಕವು. ಆದರೆ ಒಂದು ಅವಸ್ಥೆಯಲ್ಲಿ ಸಂಭವಿಸಿದುದು ಮುಂದಿನ ಅವಸ್ಥೆಯಲ್ಲಿ ಎಂತಹ ಫಲವನ್ನು ಕೊಡುವುದು? ತಾಯ ಗರ್ಭದಲ್ಲಿ ಪೋಷಣೆ ಕಡಮೆಯಾದ ಶಿಶುವು ಐವತ್ತನೆಯ ವಯಸ್ಸಿನಲ್ಲಿ ಹೇಗಿರುವುದು? ಈ ಪ್ರಶ್ನೆಗೆ ಲಕ್ಷಣಗ್ರಂಥವು ಉತ್ತರ ಹೇಳಲಾರದು. ಅದಕ್ಕೆ ಅದೇ ಶಿಶುವನ್ನು ಐವತ್ತು ವರ್ಷ ಹಿಂಬಾಲಿಸಿ ನೋಡುವುದೊಂದೇ ದಾರಿ. ಹೀಗೆ ಹಿಂಬಾಲಿಸಿ ನಡೆಯುವ ಶೋಧನಕ್ಕೆ ಈ ಲೇಖನದಲ್ಲಿ ಅನುಸರಣ ಸಂಶೋಧನೆಯೆಂಬ ಹೆಸರನ್ನು ಬಳಸಲಾಗಿದೆ.

ಇದರ ಸ್ವರೂಪವು ಸ್ಪಷ್ಟವಾಗಬೇಕಾದರೆ ಇದಕ್ಕಿಂತ ಸುಲಭವಾದ ಮತ್ತೊಂದು ಮಾರ್ಗವನ್ನು ಪಕ್ಕದಲ್ಲಿಟ್ಟು ನೋಡಬೇಕು. ಒಂದು ಊರಿನಲ್ಲಿ ಒಂದೇ ದಿನ ಐದು, ಹತ್ತು, ಹದಿನೈದು ವರ್ಷಗಳ ಮಕ್ಕಳನ್ನು ನಿಲ್ಲಿಸಿ ಎತ್ತರವನ್ನು ಅಳೆದರೆ, ವಯಸ್ಸಿನೊಡನೆ ಎತ್ತರವು ಹೇಗೆ ಹೆಚ್ಚುವುದೆಂಬುದರ ಒಂದು ಚಿತ್ರ ದೊರೆಯುತ್ತದೆ. ಈ ಮಾರ್ಗದಲ್ಲಿ ವೆಚ್ಚವೂ ಕಡಮೆ, ಕಾಲವೂ ಕಡಮೆ. ಆದರೆ ಅಲ್ಲಿ ನಿಂತ ಹದಿನೈದರ ಹುಡುಗನು ಅಲ್ಲಿಯೇ ನಿಂತ ಐದರ ಹುಡುಗನು ಬೆಳೆದು ಆದವನಲ್ಲ. ಅವನು ಬೇರೊಂದು ವರ್ಷದಲ್ಲಿ ಹುಟ್ಟಿದವನು. ಅವನು ಹುಟ್ಟಿದ ವರ್ಷ ಬರಗಾಲವಿದ್ದಿರಬಹುದು, ಇವನು ಹುಟ್ಟಿದ ವರ್ಷ ಸುಭಿಕ್ಷವಿದ್ದಿರಬಹುದು. ಇಬ್ಬರ ಭೇದದಲ್ಲಿ ವಯಸ್ಸಿನಿಂದ ಆದುದೆಷ್ಟು, ಹುಟ್ಟಿದ ಕಾಲದಿಂದ ಆದುದೆಷ್ಟು ಎಂಬುದನ್ನು ಬೇರ್ಪಡಿಸಲಾಗದು.

ಒಂದೇ ಮಗುವನ್ನು ಹಿಂಬಾಲಿಸಿ ಅಳೆದ ದಾಖಲೆಗಳಲ್ಲಿ ಪ್ರಸಿದ್ಧವಾದುದು ಫ್ರಾನ್ಸ್ ದೇಶದ ಗೇನೋ ದ ಮೋಂಬೆಯಾರ್ ಎಂಬ ಶ್ರೀಮಂತನದು. ಆತನು ೧೭೫೯ರಲ್ಲಿ ಹುಟ್ಟಿದ ತನ್ನ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆಯುತ್ತ ೧೭೭೭ರವರೆಗೆ ಬರೆದಿಟ್ಟನು. ಆತನ ಮಿತ್ರನಾದ ಬ್ಯುಫೋನನು ಅದನ್ನು ತನ್ನ ಪ್ರಕೃತಿಶಾಸ್ತ್ರದ ಮಹಾಗ್ರಂಥದ ಅನುಬಂಧದಲ್ಲಿ ಪ್ರಕಟಿಸಿದನು. ಮಗುವಿನ ಬೆಳವಣಿಗೆಯ ವೇಗವು ಶೈಶವದಲ್ಲಿ ಅತಿಶಯವಾಗಿದ್ದು, ಕ್ರಮೇಣ ಇಳಿದು, ಯೌವನದ ಹೊಸ್ತಿಲಲ್ಲಿ ಮತ್ತೊಮ್ಮೆ ಏರುವುದೆಂಬ ಸಂಗತಿಯು ಆ ಒಂದು ಪಟ್ಟಿಯಿಂದಲೇ ಕಾಣುತ್ತದೆ. ಚಾರ್ಲ್ಸ್ ಡಾರ್ವಿನನು ತನ್ನ ಶಿಶುವಿನ ಚೇಷ್ಟೆಗಳನ್ನು ಕುರಿತು ಬರೆದಿಟ್ಟಿದ್ದ ಟಿಪ್ಪಣಿಗಳನ್ನು ೧೮೭೭ರಲ್ಲಿ ಪ್ರಕಟಿಸಿದನು. ಇವು ಮಾರ್ಗವನ್ನು ತೋರಿದ ಕೃತಿಗಳು ನಿಜ; ಆದರೆ ಒಂದು ಮಗುವಿನ ವೃತ್ತಾಂತದಿಂದ ಸಾಮಾನ್ಯ ನಿಯಮವು ಸಿದ್ಧಿಸದು. ಅನೇಕ ಮಕ್ಕಳು ಬೇಕು. ಅವರೆಲ್ಲರೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಹುಟ್ಟಿದವರಾಗಿರಬೇಕು. ಅಂತಹ ಸಮೂಹಕ್ಕೆ ಪಾಶ್ಚಾತ್ಯರು ಕೊಹಾರ್ಟ್ ಎನ್ನುವರು. ಪ್ರಾಚೀನ ರೋಮಿನ ಸೇನೆಯಲ್ಲಿ ಒಟ್ಟಾಗಿ ನಡೆಯುವ ಒಂದು ತುಕಡಿಗೆ ಇದ್ದ ಹೆಸರಿನಿಂದ ಈ ಶಬ್ದವು ಬಂದುದು. ಒಂದೇ ಕಾಲದಲ್ಲಿ ಹೊರಟು ಆಯುಷ್ಯದ ದಾರಿಯಲ್ಲಿ ಜೊತೆಯಾಗಿ ನಡೆಯುವವರ ಗುಂಪೆಂಬುದು ತಾತ್ಪರ್ಯ. ಕನ್ನಡದಲ್ಲಿ ಇದನ್ನು ಸಹಜಾತವರ್ಗವೆನ್ನಬಹುದು.

ಇಂತಹ ವರ್ಗಗಳಲ್ಲಿ ಬ್ರಿಟನ್ನಿನದು ಬಹು ವಿಖ್ಯಾತವಾದುದು. ೧೯೪೬ನೆಯ ಮಾರ್ಚಿ ತಿಂಗಳ ಒಂದು ವಾರದಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳಲ್ಲಿ ಹೆತ್ತ ತಾಯಂದಿರಲ್ಲಿ ೧೩,೬೮೭ ಮಂದಿಯ ವಿವರಗಳನ್ನು ಸಂಗ್ರಹಿಸಲಾಯಿತು. ಜನನಸಂಖ್ಯೆಯು ಕುಗ್ಗುತ್ತಿರುವುದಕ್ಕೆ ಕಾರಣವೇನು, ಹೆರಿಗೆಯ ವೆಚ್ಚವನ್ನು ಕುಟುಂಬವು ಹೇಗೆ ಭರಿಸುವುದು ಎಂಬುವೇ ಆಗಿನ ಪ್ರಶ್ನೆಗಳು. ಜೇಮ್ಸ್ ಡಗ್ಲಸ್ ಎಂಬ ವೈದ್ಯರು ಆ ಮಕ್ಕಳಲ್ಲಿ ೫,೩೬೨ ಮಂದಿಯನ್ನು ಆರಿಸಿಕೊಂಡು ಹಿಂಬಾಲಿಸಿದರು. ಅವರಲ್ಲಿ ಬದುಕಿರುವವರಿಗೆ ಈಗ ಎಂಬತ್ತರ ಆಸುಪಾಸು. ಹೆರಿಗೆಯ ವೆಚ್ಚವನ್ನು ತಿಳಿಯಲೆಂದು ಆರಂಭವಾದ ಶೋಧನವು ಶಾಲೆಯ ವಿದ್ಯೆ, ನಡುವಯಸ್ಸಿನ ರೋಗ, ಮುಪ್ಪಿನ ಮರೆವು ಇವುಗಳನ್ನು ತಿಳಿಯುವ ಸಾಧನವಾಗಿ ಪರಿಣಮಿಸಿತು. ಪ್ರಶ್ನೆಗಳು ಬದಲಾದರೂ ದಾಖಲೆಯು ನಿಂತಿತೆಂಬುದು ಗಮನಿಸತಕ್ಕ ಅಂಶ.

೨. ಅನುಭವವೂ ಸ್ಮೃತಿಯೂ

ಇಷ್ಟು ದೀರ್ಘಕಾಲ ಕಾಯುವುದೇಕೆ, ದೊಡ್ಡವರಾದ ಬಳಿಕ ಅವರನ್ನೇ ಕೇಳಿ ಬಾಲ್ಯದ ಸಂಗತಿಗಳನ್ನು ತಿಳಿಯಬಾರದೇಕೆ ಎಂದು ಆಕ್ಷೇಪಿಸಬಹುದು. ನೈಯಾಯಿಕರ ಮತವನ್ನು ಬಲ್ಲವರಿಗೆ ಇದರ ಸಮಾಧಾನವು ಕಷ್ಟವಾಗದು. ಅವರು ಜ್ಞಾನವನ್ನು ಅನುಭವವೆಂದೂ ಸ್ಮೃತಿಯೆಂದೂ ಎರಡಾಗಿ ವಿಂಗಡಿಸಿ, ಯಥಾರ್ಥವಾದ ಅನುಭವಕ್ಕೆ ಮಾತ್ರ ಪ್ರಮೆಯೆಂಬ ಸ್ಥಾನವನ್ನು ಕೊಟ್ಟು, ಸ್ಮೃತಿಯನ್ನು ಅದರ ಹೊರಗಿಟ್ಟರು. ಸ್ಮೃತಿಯು ಹಿಂದೆ ಆದ ಅನುಭವದ ಸಂಸ್ಕಾರವನ್ನು ಅವಲಂಬಿಸಿದುದು; ಅದಕ್ಕೆ ಸ್ವತಂತ್ರವಾಗಿ ವಿಷಯವನ್ನು ನಿಶ್ಚಯಿಸುವ ಶಕ್ತಿಯಿಲ್ಲ.

ನ್ಯೂಜಿಲೆಂಡಿನ ಡುನೆಡಿನ್ ನಗರದ ಶೋಧನವು ಇದಕ್ಕೆ ಲೌಕಿಕವಾದ ಸಾಕ್ಷ್ಯವನ್ನು ಒದಗಿಸಿತು. ೧೯೭೨ ಮತ್ತು ೧೯೭೩ರಲ್ಲಿ ಆ ನಗರದಲ್ಲಿ ಹುಟ್ಟಿದ ಮಕ್ಕಳಲ್ಲಿ ೧,೦೩೭ ಮಂದಿಯನ್ನು ಮೂರನೆಯ ವಯಸ್ಸಿನಿಂದ ಹಿಂಬಾಲಿಸಿ ಪರೀಕ್ಷಿಸುತ್ತ ಬಂದರು. ಅವರು ಹದಿನೆಂಟು ವರ್ಷದವರಾದಾಗ ತಮ್ಮ ಬಾಲ್ಯವನ್ನು ಕುರಿತು ಹೇಳಿದುದನ್ನು, ಬಾಲ್ಯದಲ್ಲಿಯೇ ಬರೆದಿಟ್ಟಿದ್ದ ದಾಖಲೆಗಳೊಡನೆ ಹೋಲಿಸಿ ೧೯೯೪ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಎತ್ತರ, ತೂಕ ಮೊದಲಾದವುಗಳ ವಿಷಯದಲ್ಲಿ ನೆನಪು ಒಂದಷ್ಟು ಹೊಂದಿದರೂ, ಮನೆಯ ಕಲಹ, ಮನಸ್ಸಿನ ದುಗುಡ ಮೊದಲಾದ ವಿಷಯಗಳಲ್ಲಿ ನೆನಪಿಗೂ ದಾಖಲೆಗೂ ಹೊಂದಿಕೆ ತೀರ ಅಲ್ಪವಾಗಿತ್ತು. ಅವರಾರೂ ಸುಳ್ಳು ಹೇಳಿದವರಲ್ಲ. ಇಂದಿನ ಮನಃಸ್ಥಿತಿಯು ನಿನ್ನೆಯ ನೆನಪಿಗೆ ತನ್ನ ಬಣ್ಣವನ್ನು ಬಳಿಯುವುದು ಮನುಷ್ಯಸ್ವಭಾವ. ಆದಕಾರಣವೇ ಆದುದನ್ನು ಆದಾಗಲೇ ಬರೆದಿಡುವುದು ಈ ಶೋಧನದ ಮೂಲನಿಯಮ.

೩. ಹರ್ಟ್‌ಫರ್ಡ್‌ಷೈರಿನ ಪುಸ್ತಕಗಳು

ಮುಂದಾಲೋಚನೆಯಿಂದ ಮಾಡಿದ ಅನುಸರಣವಲ್ಲದೆ, ಬೇರೊಂದು ಉದ್ದೇಶದಿಂದ ಬರೆದ ಹಳೆಯ ದಾಖಲೆಯು ಸಿಕ್ಕಿ, ಅದರಲ್ಲಿನ ಶಿಶುಗಳನ್ನು ದೊಡ್ಡವರಾದ ಮೇಲೆ ಹುಡುಕಿ ತೆಗೆಯುವುದೂ ಉಂಟು. ಮೈಸೂರಿನ ಶೋಧನವು ಈ ಜಾತಿಯದು. ಅದಕ್ಕೆ ಪ್ರೇರಕವಾದುದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದ ವೃತ್ತಾಂತವಾದುದರಿಂದ ಅದನ್ನು ಮೊದಲು ಹೇಳಬೇಕು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನಲ್ಲಿ ಶಿಶುಮರಣವು ಹೆಚ್ಚಾಗಿತ್ತು. ಆ ಪ್ರಾಂತದ ಆರೋಗ್ಯ ಸಂದರ್ಶಕಿಯರ ಮುಖ್ಯಸ್ಥೆಯಾಗಿದ್ದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆಯು ೧೯೧೧ರಿಂದ ಒಂದು ಕ್ರಮವನ್ನು ಏರ್ಪಡಿಸಿದಳು. ಸೂಲಗಿತ್ತಿಯು ಹುಟ್ಟಿದ ಕೂಸನ್ನು ತೂಗಬೇಕು; ಸಂದರ್ಶಕಿಯು ವರ್ಷದುದ್ದಕ್ಕೂ ಮನೆಗೆ ಹೋಗಿ ನೋಡಬೇಕು; ತಾಯ ಹಾಲೋ ಸೀಸೆಯ ಹಾಲೋ ಎಂಬುದನ್ನು ಬರೆಯಬೇಕು; ವರ್ಷ ತುಂಬಿದಾಗ ಮತ್ತೆ ತೂಗಬೇಕು. ಈ ಬರೆವಣಿಗೆಯು ೧೯೪೮ರವರೆಗೆ ನಡೆಯಿತು. ಆ ಪುಸ್ತಕಗಳ ಉದ್ದೇಶ ಕೂಸನ್ನು ಬದುಕಿಸುವುದು. ಅದಕ್ಕಿಂತ ಹೆಚ್ಚಿನದನ್ನು ಬರೆದವರು ಬಯಸಿರಲಿಲ್ಲ.

ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೇವಿಡ್ ಬಾರ್ಕರ್ ಎಂಬ ವೈದ್ಯವಿದ್ವಾಂಸರು (ಇವರು ೨೦೧೩ರಲ್ಲಿ ನಿಧನರಾದರು) ಈ ಪುಸ್ತಕಗಳನ್ನು ಆಧರಿಸಿ, ೧೯೧೧ರಿಂದ ೧೯೩೦ರವರೆಗೆ ಹುಟ್ಟಿದ ೫,೬೫೪ ಪುರುಷರ ಮುಂದಿನ ಗತಿಯನ್ನು ಶೋಧಿಸಿ ೧೯೮೯ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ದೇಶದ ಸಾಮಾನ್ಯ ಪ್ರಮಾಣವನ್ನು ನೂರೆಂದು ಇಟ್ಟುಕೊಂಡರೆ, ವರ್ಷ ತುಂಬಿದಾಗ ೧೮ ಪೌಂಡು ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ರೋಗದಿಂದಾದ ಮರಣವು ೧೧೧. ೨೭ ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ೪೨ ಮಾತ್ರ. ನಡುವಯಸ್ಸಿನ ಭೋಗಜೀವನದ ಫಲವೆಂದು ಎಣಿಸಿದ್ದ ರೋಗದ ಬೇರು ಶೈಶವದಲ್ಲಿಯೂ ಅದಕ್ಕೂ ಹಿಂದೆ ಗರ್ಭದಲ್ಲಿಯೂ ಇರಬಹುದೆಂಬ ವಾದಕ್ಕೆ ಇದು ಆಧಾರವಾಯಿತು. ಅಲ್ಪತೂಕದ ಶಿಶುಗಳಿಗೆ ಮುಂದೆ ಮಧುಮೇಹವೂ ಹೆಚ್ಚೆಂದು ೧೯೯೧ರಲ್ಲಿ ಅದೇ ಪ್ರಾಂತದ ಮತ್ತೊಂದು ಪ್ರಬಂಧವು ತೋರಿಸಿತು.

೪. ಮೈಸೂರಿನ ದಾಖಲೆಗಳು

ಇಂಗ್ಲೆಂಡಿನಲ್ಲಿ ಕಂಡುದು ಬೇರೆ ದೇಶಗಳಲ್ಲಿಯೂ ಕಾಣುವುದೇ ಎಂಬುದು ಅನಂತರದ ಪ್ರಶ್ನೆ. ಅದಕ್ಕೆ ಅಷ್ಟೇ ಹಳೆಯದಾದ, ಅಷ್ಟೇ ಎಚ್ಚರಿಕೆಯಿಂದ ಬರೆದ ಜನನಪುಸ್ತಕಗಳು ಬೇಕು. ಅಂತಹವು ಮೈಸೂರು ನಗರದಲ್ಲಿ ದೊರೆತವು. ಮಿಷನ್ ಆಸ್ಪತ್ರೆಯೆಂದು ನಗರದ ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಮೆಥಡಿಸ್ಟ್ ಪಂಥದ ಪಾದ್ರಿಗಳಿಂದ ೧೯೦೬ರಲ್ಲಿ ಸ್ಥಾಪಿತವಾದುದು. ಅಲ್ಲಿ ೧೯೩೪ರಿಂದ ಪ್ರತಿಯೊಂದು ಕೂಸಿನ ತೂಕವನ್ನೂ, ಉದ್ದವನ್ನೂ, ತಲೆಯ ಸುತ್ತಳತೆಯನ್ನೂ ಅಳೆದು ಬರೆದಿಟ್ಟಿದ್ದರು. ತಾಯಿಯ ತೂಕವೂ ಆಕೆಯ ಸೊಂಟದೆಲುಬಿನ ಅಳತೆಗಳೂ ಆ ದಾಖಲೆಗಳಲ್ಲಿದ್ದುವು. ಹೆರಿಗೆ ಸುಖವಾಗಿ ಆಗುವುದೇ ಇಲ್ಲವೇ ಎಂಬುದನ್ನು ಮುಂಚಿತವಾಗಿ ತಿಳಿಯಲು ಇಂತಹ ಅಳತೆಗಳು ಬೇಕಾಗುತ್ತವೆ. ಅಳೆದ ದಾದಿಯರಿಗೆ ಅರ್ಧ ಶತಮಾನದ ಬಳಿಕ ಕೇಳತಕ್ಕ ಪ್ರಶ್ನೆಯು ತಿಳಿದಿರುವ ಸಂಭವವಿಲ್ಲ.

ಈ ಪುಸ್ತಕಗಳಲ್ಲಿನ ಶಿಶುಗಳನ್ನು ಹುಡುಕುವ ಕಾರ್ಯವು ೧೯೯೦ರ ದಶಕದಲ್ಲಿ ನಡೆಯಿತು. ಕ್ಯಾರೊಲೈನ್ ಫಾಲ್, ಬಾರ್ಕರ್ ಮೊದಲಾದ ಸೌತಾಂಪ್ಟನ್ನಿನ ವಿದ್ವಾಂಸರೂ ಮೈಸೂರಿನ ವೈದ್ಯರೂ ಇದರಲ್ಲಿ ಜೊತೆಗೂಡಿದರು. ಇಂಗ್ಲೆಂಡಿನಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ ರಾಷ್ಟ್ರದ ದಾಖಲೆಗಳ ಮೂಲಕ ಕುಳಿತಲ್ಲಿಯೇ ಗುರುತಿಸಬಹುದು. ಮೈಸೂರಿನಲ್ಲಿ ಹಾಗಲ್ಲ. ಆಸ್ಪತ್ರೆಯ ಸುತ್ತಣ ಬೀದಿಗಳಲ್ಲಿ ಮನೆಮನೆಗೂ ಹೋಗಿ, ಇಲ್ಲಿ ಹುಟ್ಟಿದವರಾರು ಎಂದು ವಿಚಾರಿಸಿ, ಅವರು ಹೇಳಿದ ವಿವರಗಳನ್ನು ಪುಸ್ತಕದೊಡನೆ ಹೊಂದಿಸಿ ನೋಡಬೇಕಾಯಿತು. ಹಸ್ತಪ್ರತಿಯೊಂದರ ಪಾಠವನ್ನು ನಿಶ್ಚಯಿಸುವವರು ಪ್ರತ್ಯಂತರಗಳನ್ನು ಹೋಲಿಸುವಂತೆಯೇ ಇದೂ ಒಂದು ಬಗೆಯ ಸಂಪಾದನೆ. ಹೀಗೆ ದೊರೆತವರಲ್ಲಿ ೧೯೩೪ರಿಂದ ೧೯೫೪ರವರೆಗೆ ಹುಟ್ಟಿದ ೫೧೭ ಮಂದಿ ಸ್ತ್ರೀಪುರುಷರ ಹೃದಯವನ್ನು ಪರೀಕ್ಷಿಸಿ, ಫಲವನ್ನು ೧೯೯೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹುಟ್ಟಿದಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಮೆ ತೂಗಿದವರಲ್ಲಿ ಶೇಕಡಾ ೧೧ ಮಂದಿಗೆ ಹೃದಯದ ರಕ್ತನಾಳದ ರೋಗವಿತ್ತು, ೩.೧ ಕಿಲೋಗ್ರಾಮಿಗಿಂತ ಹೆಚ್ಚು ತೂಗಿದವರಲ್ಲಿ ಶೇಕಡಾ ೩ ಮಂದಿಗೆ ಮಾತ್ರ. ಈ ಭೇದವು ನಲವತ್ತೈದು ವರ್ಷ ದಾಟಿದವರಲ್ಲಿ ಹೆಚ್ಚು ಸ್ಪಷ್ಟವಾಗಿತ್ತು. ಕೂಸಿನ ತೂಕವೂ ಅಲ್ಪವಾಗಿದ್ದು, ತಾಯಿಯೂ ಬಸುರಿನಲ್ಲಿ ನಲವತ್ತೈದು ಕಿಲೋಗ್ರಾಮಿಗಿಂತ ಕಡಮೆ ತೂಗಿದ್ದ ಸಂದರ್ಭದಲ್ಲಿ ರೋಗದ ಪ್ರಮಾಣವು ಶೇಕಡಾ ೨೦ರವರೆಗೆ ಏರಿತ್ತು. ಪರೀಕ್ಷಿತರ ಸಂಖ್ಯೆ ದೊಡ್ಡದಲ್ಲವಾದುದರಿಂದ ಈ ಅಂಕಿಗಳನ್ನು ದಶಾಂಶದವರೆಗೆ ಎಳೆಯಬಾರದು. ಆದರೂ ಹರ್ಟ್‌ಫರ್ಡ್‌ಷೈರಿನಲ್ಲಿ ಕಂಡ ಸಂಬಂಧವು ಮೈಸೂರಿನಲ್ಲಿಯೂ ಅದೇ ಮುಖವಾಗಿ ಕಂಡಿತೆಂಬುದರಲ್ಲಿ ಸಂದೇಹವಿಲ್ಲ.

೫. ಭಿನ್ನವಾದ ಉತ್ತರ

ಇಲ್ಲಿಗೆ ನಿಂತಿದ್ದರೆ ಮೈಸೂರಿನ ಶೋಧನವು ಇಂಗ್ಲಿಷ್ ಮೂಲದ ಒಂದು ಭಾಷಾಂತರವಾಗಿ ಉಳಿಯುತ್ತಿತ್ತು. ಅದಕ್ಕೆ ಸ್ವತಂತ್ರವಾದ ಬೆಲೆ ಬಂದುದು ೧೯೯೮ರಲ್ಲಿ ಮಧುಮೇಹದ ಫಲಿತಾಂಶವು ಪ್ರಕಟವಾದಾಗ. ಪರೀಕ್ಷಿತರಲ್ಲಿ ಶೇಕಡಾ ೧೫ ಮಂದಿಗೆ ಆ ರೋಗವಿತ್ತು. ಇಂಗ್ಲೆಂಡಿನ ನಿಯಮದಂತೆ ಅವರು ಅಲ್ಪತೂಕದಿಂದ ಹುಟ್ಟಿದವರಾಗಿರಬೇಕಾಗಿತ್ತು. ಆದರೆ ಅಲ್ಪತೂಕಕ್ಕೂ ಮಧುಮೇಹಕ್ಕೂ ಮೈಸೂರಿನಲ್ಲಿ ಅಂತಹ ಸಂಬಂಧವು ಕಾಣಲಿಲ್ಲ. ಉದ್ದದಲ್ಲಿ ಗಿಡ್ಡವಾಗಿದ್ದು, ಆ ಉದ್ದಕ್ಕೆ ಮೀರಿದ ತೂಕವಿದ್ದ, ಎಂದರೆ ಗುಂಡಗೆ ಹುಟ್ಟಿದ ಕೂಸುಗಳಲ್ಲಿ, ಅದರಲ್ಲಿಯೂ ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ, ರೋಗವು ಹೆಚ್ಚಾಗಿತ್ತು. ತಾಯಿಯ ರಕ್ತದಲ್ಲಿ ಸಕ್ಕರೆಯು ಹೆಚ್ಚಿದುದೇ ಇದಕ್ಕೆ ಕಾರಣವಿರಬಹುದೆಂದು ವಿದ್ವಾಂಸರು ಊಹಿಸಿದರು.

ಭಾರತದ ಇತರ ಶೋಧನಗಳು ಈ ಸಂದರ್ಭದಲ್ಲಿ ನೆನೆಯತಕ್ಕವು. ಪುಣೆಯ ಸಮೀಪದ ಆರು ಹಳ್ಳಿಗಳಲ್ಲಿ ೧೯೯೩ರಿಂದ ಸಿ. ಎಸ್. ಯಾಜ್ಞಿಕ್ ಎಂಬ ವೈದ್ಯರ ನೇತೃತ್ವದಲ್ಲಿ ನಡೆದ ಶೋಧನದಲ್ಲಿ ಅಲ್ಲಿಯ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಡನೆ ಹೋಲಿಸಲಾಯಿತು. ಅಲ್ಲಿಯ ಕೂಸು ಸುಮಾರು ೨.೭ ಕಿಲೋಗ್ರಾಂ, ಇಂಗ್ಲೆಂಡಿನ ಕೂಸು ಸುಮಾರು ೩.೫ ಕಿಲೋಗ್ರಾಂ. ಆದರೆ ಈ ಕೊರತೆಯು ದೇಹದ ಎಲ್ಲ ಧಾತುಗಳಲ್ಲಿಯೂ ಸಮವಾಗಿರಲಿಲ್ಲ. ಮಾಂಸವು ಬಹಳ ಕಡಮೆ. ಚರ್ಮದ ಕೆಳಗಿನ ಮೇದಸ್ಸು ಮಾತ್ರ ಹೆಚ್ಚು ಕುಗ್ಗದೆ ಉಳಿದಿತ್ತು. ನೋಡಲು ಬಡಕಲು, ಒಳಗೆ ಮೇದಸ್ವಿ! ದಿಲ್ಲಿಯಲ್ಲಿ ೧೯೬೯ರಿಂದ ೧೯೭೨ರವರೆಗೆ ಹುಟ್ಟಿದ ಮಕ್ಕಳನ್ನು ಸಂತೋಷ್ ಭಾರ್ಗವ ಮೊದಲಾದವರು ಹಿಂಬಾಲಿಸಿ ೨೦೦೪ರಲ್ಲಿ ಪ್ರಕಟಿಸಿದ ಫಲವೂ ಇದಕ್ಕೆ ಪೂರಕವಾದುದು. ಎರಡನೆಯ ವಯಸ್ಸಿನವರೆಗೆ ತೆಳ್ಳಗಿದ್ದು, ಅನಂತರ ಹನ್ನೆರಡರೊಳಗೆ ತಮ್ಮ ಓರಗೆಯವರಿಗಿಂತ ವೇಗವಾಗಿ ಮೈತುಂಬಿಕೊಂಡವರಲ್ಲಿ ಯೌವನದಲ್ಲಿಯೇ ಸಕ್ಕರೆಯ ದೋಷವು ಹೆಚ್ಚಾಗಿತ್ತು. ಆಶ್ಚರ್ಯವೇನೆಂದರೆ ಹನ್ನೆರಡನೆಯ ವಯಸ್ಸಿನಲ್ಲಿ ಅವರಲ್ಲಿ ಯಾರೂ ಸ್ಥೂಲರೆನ್ನಿಸಿಕೊಳ್ಳುವಂತಿರಲಿಲ್ಲ. ಒಂದು ದಿನದ ಅಳತೆಯಲ್ಲಿ ಇಂತಹ ಮಗುವು ಕೇವಲ ಆರೋಗ್ಯವಂತವಾಗಿ ಕಾಣುವುದು. ಅದರ ಗತಿಯನ್ನು ಹಿಂಬಾಲಿಸಿದವನಿಗೆ ಮಾತ್ರ ವಿಷಯವು ಗೋಚರಿಸುವುದು.

ಇಲ್ಲಿ ತರ್ಕಶಾಸ್ತ್ರದ ಉಪಾಧಿವಿಚಾರವು ಬಹಳ ಉಪಕಾರಿಯಾಗಿದೆ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ನಿಲ್ಲುವುದು. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ನಿಲ್ಲದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯಿದ್ದಲ್ಲಿ ಮಾತ್ರ ಬೆಂಕಿಯು ಹೊಗೆಯನ್ನು ಕೊಡುತ್ತದೆ. ಅಡುಗೆಯ ಮನೆಯೊಂದನ್ನೇ ನೋಡಿದವನು ಎಲ್ಲ ಬೆಂಕಿಗೂ ಹೊಗೆಯನ್ನು ಕಲ್ಪಿಸಿದರೆ ತಪ್ಪುವನು. ಒಂದೇ ದೇಶದ ಮಕ್ಕಳನ್ನು ನೋಡಿ ಮಾಡಿದ ನಿಯಮದಲ್ಲಿಯೂ ಆ ದೇಶದ ಹಸಿಸೌದೆಯು ಅಡಗಿರಬಹುದು.

ಇದಕ್ಕೆ ಮೈಸೂರಿನದೇ ಮತ್ತೊಂದು ನಿದರ್ಶನವುಂಟು. ಹೆಚ್ಚು ತಿಂಗಳು ತಾಯ ಹಾಲನ್ನು ಕುಡಿದ ಮಕ್ಕಳ ಬುದ್ಧಿಯು ಮುಂದೆ ಹೆಚ್ಚು ಚುರುಕಾಗಿರುವುದೆಂದು ಪಾಶ್ಚಾತ್ಯ ದೇಶಗಳ ಅನೇಕ ಶೋಧನಗಳು ಹೇಳಿದ್ದುವು. ಆದರೆ ಆ ದೇಶಗಳಲ್ಲಿ ಬಹುಕಾಲ ಮೊಲೆಯೂಡುವ ತಾಯಂದಿರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು. ಹಾಲಿನ ಫಲವೋ, ಮನೆಯ ಅನುಕೂಲದ ಫಲವೋ? ಮೈಸೂರಿನಲ್ಲಿ ಎಲ್ಲ ಅಂತಸ್ತಿನ ತಾಯಂದಿರೂ ಮೊಲೆಯೂಡುವರು. ಹೆಚ್ಚುಕಾಲ ಊಡುವುದಕ್ಕೂ ಅನುಕೂಲಕ್ಕೂ ಅಲ್ಲಿ ಆ ಸಂಬಂಧವಿಲ್ಲ. ೨೦೧೦ರಲ್ಲಿ ಎಸ್. ಆರ್. ವೀಣಾ ಮೊದಲಾದವರು ಪ್ರಕಟಿಸಿದ ಪ್ರಬಂಧದಲ್ಲಿ, ಒಂಬತ್ತು ಹತ್ತು ವರ್ಷದ ಮೈಸೂರಿನ ಮಕ್ಕಳ ಬುದ್ಧಿಶಕ್ತಿಗೂ ಅವರು ಮೊಲೆಯುಂಡ ಕಾಲದ ಪ್ರಮಾಣಕ್ಕೂ ಸಂಬಂಧವು ಕಾಣಲಿಲ್ಲ. ಹಾಗೆಂದು ತಾಯ ಹಾಲು ನಿಷ್ಪ್ರಯೋಜಕವೆಂದು ತಿಳಿಯಲಾಗದು. ರೋಗನಿವಾರಣದಲ್ಲಿ ಅದರ ಮಹಿಮೆಯು ಬೇರೆಯಾಗಿ ಸಿದ್ಧವಾದುದು. ಬುದ್ಧಿಯ ವಿಷಯದಲ್ಲಿಯೂ, ಬೆಲರೂಸ್ ದೇಶದಲ್ಲಿ ಆಸ್ಪತ್ರೆಗಳನ್ನು ಚೀಟಿ ಹಾಕಿ ಎರಡು ಪಂಗಡ ಮಾಡಿ, ಒಂದರಲ್ಲಿ ಮೊಲೆಯೂಡಲು ವಿಶೇಷವಾಗಿ ಪ್ರೋತ್ಸಾಹಿಸಿದಾಗ, ಆ ಪಂಗಡದ ಮಕ್ಕಳಲ್ಲಿ ಒಳ್ಳೆಯ ಫಲ ಕಂಡಿತೆಂದು ೨೦೦೮ರಲ್ಲಿ ಪ್ರಕಟವಾಯಿತು. ಎರಡು ಕಡೆಯ ಸಾಕ್ಷ್ಯವನ್ನೂ ಇಟ್ಟು ತೂಗಬೇಕಾದುದು ವಿಚಾರಕರ ಧರ್ಮ. ಮೈಸೂರಿನ ಫಲವು ಮಾಡಿದ ಉಪಕಾರವು ಇಷ್ಟು: ಪಾಶ್ಚಾತ್ಯ ಶೋಧನಗಳ ವ್ಯಾಪ್ತಿಯಲ್ಲಿ ಉಪಾಧಿಯ ಶಂಕೆಯುಂಟೆಂಬುದನ್ನು ಅದು ಎತ್ತಿ ತೋರಿಸಿತು.

೬. ಬಸುರಿನಿಂದ ಆರಂಭಿಸಿದ ಅನುಸರಣ

ಹಳೆಯ ದಾಖಲೆಗಳಲ್ಲಿ ತಾಯಿಯ ರಕ್ತದ ಸಕ್ಕರೆಯನ್ನು ಬರೆದಿರಲಿಲ್ಲ. ಆದಕಾರಣ ಮೇಲೆ ಹೇಳಿದ ಊಹೆಯನ್ನು ಪರೀಕ್ಷಿಸುವುದಕ್ಕೆ ಹೊಸದಾಗಿ ಆರಂಭಿಸುವುದು ಅವಶ್ಯಕವಾಯಿತು. ಪಾರ್ಥೆನಾನ್ ಎಂಬ ಹೆಸರಿನ ಆ ಶೋಧನವು ಅದೇ ಆಸ್ಪತ್ರೆಯಲ್ಲಿ ೧೯೯೭ರಲ್ಲಿ ಮೊದಲಾಯಿತು. ೮೩೦ ಮಂದಿ ಗರ್ಭಿಣಿಯರಿಗೆ ಸಕ್ಕರೆಯ ಪರೀಕ್ಷೆಯನ್ನು ಮಾಡಿ, ಹುಟ್ಟಿದ ಮಕ್ಕಳನ್ನು ಐದು, ಒಂಬತ್ತೂವರೆ, ಹದಿಮೂರೂವರೆ ಮೊದಲಾದ ವಯಸ್ಸುಗಳಲ್ಲಿ ಮತ್ತೆ ಮತ್ತೆ ನೋಡಲಾಯಿತು. ಗರ್ಭಿಣಿಯರಲ್ಲಿ ಸುಮಾರು ಶೇಕಡಾ ೬ ಮಂದಿಗೆ ಗರ್ಭಕಾಲದ ಮಧುಮೇಹವಿತ್ತು. ಜಿ. ವಿ. ಕೃಷ್ಣವೇಣಿ ಮೊದಲಾದವರು ತೋರಿಸಿರುವಂತೆ, ಅಂತಹ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿನಲ್ಲಿಯೇ ಮೇದಸ್ಸು ಹೆಚ್ಚಾಗಿತ್ತು. ಒಂಬತ್ತೂವರೆಯ ಹೊತ್ತಿಗೆ ಮಧುಮೇಹದ ಪೂರ್ವರೂಪಗಳು ಇನ್ನೂ ಸ್ಪಷ್ಟವಾದುವು. ಮೊದಲಿನ ಊಹೆಗೆ ಇದರಿಂದ ಬಲ ಬಂದಿತು. ತಾಯಿಯ ರೋಗವು ಮಗಳಲ್ಲಿ ಬೀಜರೂಪವಾಗಿ ಇಳಿದು, ಆ ಮಗಳು ತಾಯಿಯಾದಾಗ ಮತ್ತೆ ಮುಂದಿನ ತಲೆಮಾರಿಗೆ ಸಾಗಬಹುದೆಂಬುದೇ ಇದರ ಗಂಭೀರವಾದ ಅರ್ಥ.

ಇದೇ ವರ್ಗದ ತಾಯಂದಿರಲ್ಲಿ ಶೇಕಡಾ ೪೩ ಮಂದಿಗೆ ಬಿ-೧೨ ಎಂಬ ಜೀವಸತ್ತ್ವದ ಕೊರತೆಯಿದ್ದು, ಸೊಪ್ಪುಗಳಲ್ಲಿ ದೊರೆಯುವ ಫೋಲೇಟ್ ಎಂಬುದರ ಕೊರತೆಯು ಶೇಕಡಾ ೪ ಮಂದಿಗೆ ಮಾತ್ರ ಇತ್ತು. ಬಸುರಿನಲ್ಲಿ ತಾಯಿಯ ಫೋಲೇಟ್ ಹೆಚ್ಚಾಗಿದ್ದಷ್ಟೂ ಮಗುವು ಒಂಬತ್ತು ಹತ್ತರ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಹೆಚ್ಚು ಗಳಿಸಿತೆಂದು ೨೦೧೦ರ ಮತ್ತೊಂದು ಪ್ರಬಂಧವು ಹೇಳುತ್ತದೆ. ಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗನ ಕಲಿಕೆಯ ಒಂದಂಶವು ಹತ್ತು ವರ್ಷದ ಹಿಂದೆ ಅವನ ತಾಯಿಯು ಉಂಡ ತಟ್ಟೆಯಲ್ಲಿ ಇದ್ದಿರಬಹುದೆಂಬುದು ಉಪಾಧ್ಯಾಯರಾದವರು ಮನಸ್ಸಿನಲ್ಲಿಡತಕ್ಕ ವಿಷಯ. ಮಂದನೆಂದು ಹುಡುಗನನ್ನು ಹಳಿಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಗರ್ಭಿಣಿಯನ್ನು ದೌಹೃದಿನಿಯೆಂದು ಕರೆದು, ಆಕೆಯಲ್ಲಿ ಎರಡು ಹೃದಯಗಳಿರುವುದರಿಂದ ಆಕೆಯ ಬಯಕೆಯನ್ನು ಸಲ್ಲಿಸದಿದ್ದರೆ ಶಿಶುವಿಗೆ ಕೇಡೆಂದು ಸುಶ್ರುತಸಂಹಿತೆಯು ಹೇಳುವುದು. ಬಸುರಿಯ ಬಯಕೆಯನ್ನು ತೀರಿಸುವ ಕನ್ನಡನಾಡಿನ ಆಚಾರವೂ ಇದೇ ಭಾವದ್ದು. ಇದರಿಂದ ಆಧುನಿಕರ ಸಿದ್ಧಾಂತವೆಲ್ಲವೂ ಪ್ರಾಚೀನರಿಗೆ ವಿದಿತವಾಗಿತ್ತೆಂದು ಸಾಧಿಸಹೊರಡುವುದು ಸಾಹಸ. ಶಾಸ್ತ್ರಕಾರರು ಬಯಕೆಯನ್ನು ಕುರಿತು ಹೇಳಿದರು. ಇವರು ಆಹಾರದ ಅಂಶಗಳನ್ನು ಅಳೆದರು. ತಾಯ ಸುಖವನ್ನು ಬಿಟ್ಟು ಮಗುವಿನ ಸುಖವಿಲ್ಲವೆಂಬ ದೃಷ್ಟಿಯು ಮಾತ್ರ ಉಭಯರಿಗೂ ಸಮಾನವಾದುದು.

೭. ಈ ಮಾರ್ಗದ ಮೇರೆಗಳು

ಅನುಸರಣ ಸಂಶೋಧನೆಗೆ ಅದರದೇ ಆದ ದೋಷಗಳೂ ಉಂಟು. ಮೊದಲನೆಯದು, ದಾರಿಯಲ್ಲಿ ಜೊತೆ ಬಿಡುವವರದು. ಕೆಲವರು ಸಾಯುವರು, ಕೆಲವರು ಊರು ಬಿಡುವರು, ಕೆಲವರು ಬೇಸತ್ತು ಬರಲೊಲ್ಲರು. ಬಿಟ್ಟವರೂ ಉಳಿದವರೂ ಒಂದೇ ಬಗೆಯವರಾಗಿದ್ದರೆ ಬಾಧೆಯಿಲ್ಲ. ಆದರೆ ಬಡವರೂ ರೋಗಿಗಳೂ ಹೆಚ್ಚಾಗಿ ಬಿಟ್ಟುಹೋಗುವುದೇ ಲೋಕದ ವಾಡಿಕೆ. ಮೈಸೂರಿನಲ್ಲಿ ದೊರೆತವರು ಶೈಶವದ ಕಂಟಕಗಳನ್ನು ದಾಟಿ ಬದುಕಿ, ಆಸ್ಪತ್ರೆಯ ಸಮೀಪದಲ್ಲಿಯೇ ನೆಲೆಸಿದ್ದವರು. ಅದೂ ಅಲ್ಲದೆ ಆ ಕಾಲದಲ್ಲಿ ಬಹುಮಂದಿ ಮಕ್ಕಳು ಮನೆಯಲ್ಲಿಯೇ ಹುಟ್ಟುತ್ತಿದ್ದುದರಿಂದ, ಆಸ್ಪತ್ರೆಯ ಪುಸ್ತಕವು ಇಡಿಯ ನಾಡಿನ ಪ್ರತಿಬಿಂಬವಲ್ಲ. ಲಿಖಿತ ಶಾಸನಗಳಿಂದ ಮಾತ್ರ ಇತಿಹಾಸವನ್ನು ಬರೆಯುವವರು ಶಾಸನ ಹಾಕಿಸಲಾರದವರ ಬಾಳನ್ನು ಕಾಣದೆ ಹೋಗುವಂತೆಯೇ ಇದು.

ಎರಡನೆಯದು, ಸಾಮಾನ್ಯ ನಿಯಮವನ್ನು ವ್ಯಕ್ತಿಗೆ ಅನ್ವಯಿಸುವ ದೋಷ. ಅಲ್ಪತೂಕದಿಂದ ಹುಟ್ಟಿದವರಲ್ಲಿ ಶೇಕಡಾ ೧೧ ಮಂದಿಗೆ ರೋಗವೆಂದರೆ ಶೇಕಡಾ ೮೯ ಮಂದಿಗೆ ಅದಿಲ್ಲವೆಂದೇ ಅರ್ಥ. ತೂಕದ ಅಂಕಿಯು ಹಣೆಯಬರಹವಲ್ಲ. ಡುನೆಡಿನ್ನಿನಲ್ಲಿ ಬಾಲ್ಯದ ಆತ್ಮಸಂಯಮವು ಮೂವತ್ತೆರಡನೆಯ ವಯಸ್ಸಿನ ಆರೋಗ್ಯವನ್ನೂ ಹಣಕಾಸಿನ ಸ್ಥಿತಿಯನ್ನೂ ಸೂಚಿಸಿತೆಂದು ೨೦೧೧ರಲ್ಲಿ ಪ್ರಕಟವಾದಾಗ, ಮಕ್ಕಳಾಗಿದ್ದಾಗಿನಿಂದ ಯೌವನದೊಳಗೆ ಸಂಯಮವನ್ನು ಹೆಚ್ಚಿಸಿಕೊಂಡವರ ಗತಿಯು ಉತ್ತಮವಾಯಿತೆಂಬುದನ್ನೂ ಅದೇ ಪ್ರಬಂಧವು ಹೇಳಿದೆ. ಹಿಂದಿನ ಅವಸ್ಥೆಯು ಮುಂದಿನದನ್ನು ಬಾಗಿಸುವುದು, ಬಂಧಿಸದು.

ಮೂರನೆಯದು ಧರ್ಮಸಂಬಂಧವಾದುದು. ಕೂಸು ತನ್ನನ್ನು ಅಳೆಯಲು ಅನುಮತಿ ಕೊಟ್ಟುದಲ್ಲ, ತಾಯಿತಂದೆಗಳು ಕೊಟ್ಟರು. ಅದು ಬೆಳೆದು ತಿಳಿವಳಿಕೆ ಬಂದ ಮೇಲೆ ಅದನ್ನೇ ಮತ್ತೆ ಕೇಳಬೇಕು, ಒಲ್ಲೆನೆಂದರೆ ಬಿಡಬೇಕು. ಮನೆಯ ಗುಟ್ಟನ್ನು ಕಾಯಬೇಕು. ಅಳೆಯುವಾಗ ರೋಗವು ಕಂಡರೆ ತಿಳಿಸಿ ಚಿಕಿತ್ಸೆಗೆ ದಾರಿ ಮಾಡಬೇಕು. ಚಿಕಿತ್ಸೆಯಿಂದ ಶೋಧನದ ಗತಿಯು ಬದಲಾಗುವುದು ನಿಜ. ಆದರೆ ಶಾಸ್ತ್ರದ ಶುದ್ಧಿಗಾಗಿ ಮಗುವಿನ ನೋವನ್ನು ನೋಡುತ್ತ ಕುಳಿತಿರುವುದು ಯಾವ ಶಾಸ್ತ್ರಕ್ಕೂ ಒಪ್ಪಿಗೆಯಾಗದು.

೮. ಉಪಸಂಹಾರ

ಮೇಲಿನ ವಿವರಗಳಿಂದ ಎರಡು ಸಂಗತಿಗಳು ಸಿದ್ಧಿಸುವುವು. ಮಕ್ಕಳ ಕ್ಷೇಮವನ್ನು ಕುರಿತ ನಿಯಮಗಳನ್ನು ಒಂದು ನಾಡಿನಿಂದ ಮತ್ತೊಂದು ನಾಡಿಗೆ ಪರೀಕ್ಷಿಸದೆ ತರಲಾ­ಗದೆಂಬುದು ಒಂದು. ಹೃದಯರೋಗದಲ್ಲಿ ಮೈಸೂರು ಹರ್ಟ್‌ಫರ್ಡ್‌ಷೈರಿನೊಡನೆ ಸಮ್ಮತಿಸಿತು. ಮಧುಮೇಹದಲ್ಲಿ ಬೇರೆ ಮಾತನ್ನು ಹೇಳಿತು. ಆ ಬೇರೆ ಮಾತನ್ನು ಕೇಳದೆ, ಕೂಸಿನ ತೂಕವನ್ನು ಹೆಚ್ಚಿಸುವುದೊಂದೇ ಗುರಿಯೆಂದು ಹೊರಟಿದ್ದರೆ, ತಾಯಿಯ ಸಕ್ಕರೆಯ ದೋಷವು ಕಣ್ಣಿಗೆ ಬೀಳದೆ ಉಳಿಯುತ್ತಿತ್ತು.

ಆ ಮಾತು ಕೇಳಿಬಂದುದು ಹಳೆಯ ಪುಸ್ತಕಗಳು ಉಳಿದಿದ್ದುದರಿಂದ ಎಂಬುದು ಎರಡನೆಯದು. ಬಳಕೆ ಮುಗಿಯಿತೆಂದು ಅವುಗಳನ್ನು ರದ್ದಿಗೆ ಹಾಕಿದ್ದರೆ ಕೇಳುವ ಪ್ರಶ್ನೆಯಿದ್ದೂ ಉತ್ತರವು ಇರುತ್ತಿರಲಿಲ್ಲ. ಓಲೆಗರಿಯ ಕಟ್ಟುಗಳನ್ನು ಗೆದ್ದಲಿನಿಂದ ಕಾಯುವ ಶ್ರಮವೇನೆಂಬುದನ್ನು ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಆಸ್ಪತ್ರೆಯ ಹೆರಿಗೆಯ ಪುಸ್ತಕ, ಶಾಲೆಯ ದಾಖಲಾತಿಯ ಪುಸ್ತಕ, ಮಕ್ಕಳ ಎತ್ತರ ತೂಕಗಳ ಪಟ್ಟಿ ಇವುಗಳೂ ಅಂತಹ ಕಟ್ಟುಗಳೇ. ಇವು ಕಾವ್ಯವಲ್ಲ, ಶಾಸನವಲ್ಲ. ಬರೆದವರ ಹೆಸರೂ ಅನೇಕ ವೇಳೆ ಇವುಗಳಲ್ಲಿರದು. ಆದರೂ ತಾರೀಖನ್ನೂ ಅಂಕಿಯನ್ನೂ ತಪ್ಪಿಲ್ಲದೆ ಬರೆದು, ಒಣಗಿದ ಸ್ಥಳದಲ್ಲಿ ಇಟ್ಟು, ಮುಂದಿನವರಿಗೆ ಒಪ್ಪಿಸುವುದು ಶಾಲೆಯ ಉಪಾಧ್ಯಾಯರ ಕೈಯಲ್ಲಿಯೂ ಇರುವ ಕೆಲಸ. ಅದರಲ್ಲಿ ಯಾವ ಪುಟವು ಯಾವ ಪ್ರಶ್ನೆಗೆ ಬೇಕಾಗುವುದೆಂಬುದನ್ನು ಮುಂದೆ ಕೇಳುವವರು ನಿಶ್ಚಯಿಸುವರು.